ಕೋಳಿ ಅಂಕಕ್ಕೆ ಎಷ್ಟು ಶಿಕ್ಷೆ ಅಂತ ನಮ್ಮ ಜಿಲ್ಲೆಯೇ ತೀರ್ಮಾನ ಮಾಡಿದರೆ ಏನು ತಪ್ಪು?

ಅಡಿಕೆ ತೋಟದವ
ಎಲ್ಲರಿಗೂ ನಮಸ್ಕಾರ. ನಾನು ಪುತ್ತೂರಿನ ಕಡೆಯವನು. ನಮ್ಮ ದೈವಸ್ಥಾನದ ನೇಮ, ಅಂದರೆ ದೈವದ ಕೋಲ, ಹತ್ತಿರ ಬರುತ್ತಿದೆ. ಕೋಳಿ ಅಂಕ ಮಾಡುವುದಾ ಬೇಡವಾ ಅಂತ ಕಮಿಟಿಯಲ್ಲಿ ಈ ವರ್ಷವೂ ಜಗಳ ಶುರುವಾಗಿದೆ.

ಹೋದ ವರ್ಷ ಮಾಡಿದ್ದೆವು. ಎರಡನೇ ದಿನ ಮಧ್ಯಾಹ್ನ ಪೊಲೀಸರು ಬಂದರು. ಜನ ಗದ್ದೆಯಲ್ಲಿ ದಿಕ್ಕಾಪಾಲಾಗಿ ಓಡಿದರು. ನನ್ನ ಚಿಕ್ಕಪ್ಪನ ಎರಡು ಕೋಳಿ, ಒಂದು ಬೈಕ್ ಹೋಯಿತು. ಅದೇ ವಾರ ಏಳು ಕಿಲೋಮೀಟರ್ ಆಚೆಯ ಊರಿನಲ್ಲಿ ಮೂರು ದಿನ ಅಂಕ ನಡೆಯಿತು, ಯಾರೂ ತಿರುಗಿ ನೋಡಲಿಲ್ಲ. ಕಾನೂನು ಒಂದೇ ಅಲ್ವಾ? ಮತ್ತೆ ಯಾಕೆ ಹೀಗೆ?

ನನಗೆ ಅನಿಸುವುದು ಇಷ್ಟು. ದಿಲ್ಲಿಯಲ್ಲಿ 1960ರಲ್ಲಿ ಮಾಡಿದ ಕಾನೂನಿಗೆ ನಮ್ಮ ನೇಮ, ಜಾತ್ರೆ ಗೊತ್ತಿಲ್ಲ. ಹಾಗಾಗಿ ಯಾವುದಕ್ಕೆ ಶಿಕ್ಷೆ, ಎಷ್ಟು ಶಿಕ್ಷೆ ಅನ್ನುವುದನ್ನು ಜಿಲ್ಲೆಯ ಜನರೇ ತೀರ್ಮಾನ ಮಾಡುವ ಹಾಗೆ ಆಗಬೇಕು. ಬೇಡ ಅನ್ನುವ ಜಿಲ್ಲೆ ಜಾಸ್ತಿ ಶಿಕ್ಷೆ ಇಟ್ಟುಕೊಳ್ಳಲಿ, ಬೇಕು ಅನ್ನುವ ಜಿಲ್ಲೆ ಕಡಿಮೆ ಇಟ್ಟುಕೊಳ್ಳಲಿ. ಹೀಗೆ ಒಂದು ಮನವಿ ಬರೆದು ಶಾಸಕರಿಗೆ ಕೊಡಬೇಕು ಅಂತಿದ್ದೇನೆ. ಕಾನೂನು ಗೊತ್ತಿರುವವರು ಹೇಳಿ. ಬೈಯುವವರೂ ಬೈಯಿರಿ, ಆದರೆ ಕಾರಣ ಕೊಟ್ಟು ಬೈಯಿರಿ.

ಸುಮ್ನೆ ಓದುಗ
ಕಾರಣ ಒಂದೇ. ಕೋಳಿಯ ಕಾಲಿಗೆ ಚೂರಿ ಕಟ್ಟಿ ಬಿಡುವುದು ಕ್ರೌರ್ಯ. ಪುತ್ತೂರಿನಲ್ಲಿ ಮಾಡಿದರೂ ಕ್ರೌರ್ಯ, ಪಾವಗಡದಲ್ಲಿ ಮಾಡಿದರೂ ಕ್ರೌರ್ಯ.

ಹಾಲಾಡಿ ಹೊಳೆ
ಬ್ರಾಯ್ಲರ್ ಕೋಳಿಯನ್ನು ಪಂಜರದಲ್ಲಿ ಉಸಿರು ಕಟ್ಟಿಸಿ ಲಾರಿಯಲ್ಲಿ ಸಾಗಿಸುವುದು ಕ್ರೌರ್ಯ ಅಲ್ವಾ? ಅದನ್ನು ದಿನಾ ನೋಡುತ್ತೇವೆ, ಯಾರೂ ಕೇಸ್ ಹಾಕುವುದಿಲ್ಲ. ಅಂಕದ ಕೋಳಿ ಒಂದು ವರ್ಷ ರಾಜನ ಹಾಗೆ ಬದುಕುತ್ತದೆ. ನನ್ನ ಅಜ್ಜ ಮೊದಲು ಕೋಳಿಗೆ ಅನ್ನ ಹಾಕಿ ಆಮೇಲೆ ತಾನು ಕೂರುತ್ತಿದ್ದರು.

ಸುಮ್ನೆ ಓದುಗ
ಅದೂ ತಪ್ಪು, ಇದೂ ತಪ್ಪು. ಒಂದು ತಪ್ಪು ತೋರಿಸಿ ಇನ್ನೊಂದನ್ನು ಸರಿ ಮಾಡಲು ಆಗುವುದಿಲ್ಲ.

ಕರಿಕೋಟು
ಉಡುಪಿಯಲ್ಲಿ ವಕೀಲಿಕೆ ಮಾಡುತ್ತೇನೆ. ಇಂಥ ಕೇಸುಗಳನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 11ನೇ ಕಲಂ ತೆಗೆದು ಓದಿ. ಮನರಂಜನೆಗೆ ಅಂತ ಪ್ರಾಣಿಗಳನ್ನು ಕಾದಾಡಲು ಬಿಡುವುದು ಒಂದು ಉಪಕಲಂ. ಕಾದಾಟಕ್ಕೆ ಜಾಗ ಕೊಡುವುದು, ನಡೆಸುವುದು, ಒಳಗೆ ಬಿಡಲು ದುಡ್ಡು ತೆಗೆದುಕೊಳ್ಳುವುದು ಇನ್ನೊಂದು. ಎರಡಕ್ಕೂ ಶಿಕ್ಷೆ ಒಂದೇ. ಮೊದಲ ಸಲ 10 ರೂಪಾಯಿಯಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. ಓದಿದ್ದು ಸರಿಯಾಗಿದೆ, 50 ರೂಪಾಯಿ. 1960ರಿಂದ ಅದು ಬದಲಾಗಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಅಂಕ ನಡೆಸುವವನ ಮೇಲೆ ಪೊಲೀಸರು ನೇರವಾಗಿ ಕೇಸ್ ಹಾಕಬಹುದು. ಕೋಳಿ ಬಿಟ್ಟವನ ಮೇಲೆ ಹಾಗಲ್ಲ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಇದರ ಮೇಲೆ ಮೂರು ತಿಂಗಳ ಗಡುವು ಬೇರೆ. ಅಪರಾಧ ನಡೆದು ಮೂರು ತಿಂಗಳೊಳಗೆ ಕೋರ್ಟಿಗೆ ತರದಿದ್ದರೆ ಕೇಸೇ ಇಲ್ಲ.

ಅದಕ್ಕೇ ಪೊಲೀಸರು ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ, ಅಂದರೆ ಜೂಜಿನ ಕಲಂ, ಹಿಡಿದುಕೊಂಡು ಬರುತ್ತಾರೆ. ಬೈಕ್, ದುಡ್ಡು, ಕೋಳಿ ಜಪ್ತಿ ಆಗುವುದೇ ನಿಜವಾದ ಶಿಕ್ಷೆ. ನಿಮ್ಮ ಚಿಕ್ಕಪ್ಪನಿಗೆ ಹೊಡೆತ ಬಿದ್ದದ್ದು ದಿಲ್ಲಿಯ ಕಾನೂನಿನಿಂದ ಅಲ್ಲ, ಬೆಂಗಳೂರಿನ ಕಾನೂನಿನಿಂದ.

ಅಡಿಕೆ ತೋಟದವ
50 ರೂಪಾಯಿ ಅಂತ ನಿಜವಾಗಿಯೂ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೆ ಬೈಕ್ ಬಿಡಿಸಿಕೊಳ್ಳಲು ಅದರ ನೂರು ಪಾಲು ಖರ್ಚಾಯಿತು.

ದನದ ಡಾಕ್ಟ್ರು
ಹಾಗಾದರೆ ಇದಕ್ಕಿಂತ ಕಡಿಮೆ ಶಿಕ್ಷೆ ಅಂದರೆ ಏನು ತೋಟದವರೇ? 50ಕ್ಕಿಂತ ಕೆಳಗೆ ಎಲ್ಲಿಗೆ ಇಳಿಸುತ್ತೀರಿ?

ನಾನು ಪಶುವೈದ್ಯೆ. ನೇಮದ ಸೀಸನ್ನಿನಲ್ಲಿ ರಾತ್ರಿ ಎಂಟರ ಮೇಲೆ ನನ್ನ ಮನೆಗೆ ಚೀಲ ಬರುತ್ತದೆ. ಸಿಮೆಂಟಿನ ಖಾಲಿ ಚೀಲ, ಒಳಗೆ ಕೋಳಿ. ತಂದವರು ಏನಾಯಿತು ಅಂತ ಹೇಳುವುದಿಲ್ಲ, ‘ಬೇಲಿಗೆ ತಾಗಿತು ಡಾಕ್ಟ್ರೇ’ ಅನ್ನುತ್ತಾರೆ. ಬೇಲಿಯ ಗಾಯ ಹರಿದಿರುತ್ತದೆ, ಅಂಚು ಸಮ ಇರುವುದಿಲ್ಲ. ಬಾಳಿನ, ಅಂದರೆ ಕೋಳಿಯ ಕಾಲಿಗೆ ಕಟ್ಟುವ ಚೂರಿಯ, ಗಾಯ ಬ್ಲೇಡಿನಲ್ಲಿ ಗೀರಿದ ಹಾಗೆ ನೇರ, ಆಳ. ಎದೆಯ ಬದಿಯಲ್ಲಿ ರೆಕ್ಕೆಯ ಕೆಳಗೆ ಬಿದ್ದರೆ ಗಾಳಿಚೀಲ ತೂತಾಗಿರುತ್ತದೆ. ಕೋಳಿ ಉಸಿರು ಬಿಟ್ಟಾಗಲೆಲ್ಲ ಆ ಸೀಳಿನಿಂದ ಸಣ್ಣ ಗುಳ್ಳೆ ಬರುತ್ತದೆ. ಹೋದ ಸೀಸನ್ನಿನಲ್ಲಿ ಒಂದು ಬಿಳಿ ಹುಂಜಕ್ಕೆ ಹದಿನಾಲ್ಕು ಹೊಲಿಗೆ ಹಾಕಿದೆ. ತಂದ ಹುಡುಗ ಪೂರ್ತಿ ಹೊತ್ತು ಅದರ ತಲೆ ಹಿಡಿದುಕೊಂಡು ಅಳುತ್ತಿದ್ದ. ಅವನಿಗೆ ಆ ಕೋಳಿಯ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಪ್ರೀತಿ ಇದ್ದೂ ಬಾಳು ಕಟ್ಟಿದನಲ್ಲ, ನನಗೆ ಸಂಕಟ ಆಗುವುದು ಅದಕ್ಕೆ.

ಹಾಲಾಡಿ ಹೊಳೆ
ಬದುಕಿತಾ?

ದನದ ಡಾಕ್ಟ್ರು
ಇಲ್ಲ. ಮೂರನೇ ದಿನ ಹೋಯಿತು.

ಗಡಿನಾಡ ಕನ್ನಡಿಗ
ಕಾಸರಗೋಡಿನವನು. ಜಿಲ್ಲೆಗೊಂದು ಶಿಕ್ಷೆ ಅನ್ನುವವರು ಒಮ್ಮೆ ಗಡಿಗೆ ಬಂದು ನಿಲ್ಲಬೇಕು.

ನಮ್ಮದೂ ನಿಮ್ಮದೂ ಅದೇ ದೈವ, ಅದೇ ತುಳು ಪಾಡ್ದನ, ಅದೇ ಕೋರಿಕಟ್ಟ, ಅಂದರೆ ಕೋಳಿ ಅಂಕ. ಆದರೆ ಜೂಜಿನ ಕಾನೂನು ಬೇರೆ. ನಮಗೆ 1960ರ ಕೇರಳ ಗೇಮಿಂಗ್ ಕಾಯ್ದೆ. ಈ ಕಡೆ ಪೊಲೀಸರು ಬಿಗಿ ಮಾಡಿದ ದಿನ ಕೋಳಿಗಳು ಆ ಕಡೆಗೆ ಹೋಗುತ್ತವೆ. ಆ ಕಡೆ ಬಿಗಿ ಆದರೆ ಈ ಕಡೆಗೆ. ತೋಡು ದಾಟಿದರೆ ಇನ್ನೊಂದು ರಾಜ್ಯ, ಹತ್ತು ನಿಮಿಷದ ಕೆಲಸ. ನೀವು ದಕ್ಷಿಣ ಕನ್ನಡದಲ್ಲಿ ಶಿಕ್ಷೆ ಇಳಿಸಿದರೆ ನಮ್ಮ ಊರಿನ ಅಂಕವೆಲ್ಲ ನಿಮ್ಮ ಗಡಿಯ ಗದ್ದೆಗೆ ಬರುತ್ತದೆ. ನಿಮ್ಮ ನೇಮ ಅಲ್ಲಿಗೆ ಮುಗಿಯಿತು. ಭಕ್ತಿ ಇದ್ದವರು ಹಿಂದೆ, ಬಾಜಿ ಕಟ್ಟುವವರು ಮುಂದೆ.

ಬೆಣ್ಣೆದೋಸೆ
ನಾನು ದಾವಣಗೆರೆಯವನು. ನಮ್ಮ ಕಡೆ ಟಗರು ಕಾಳಗ. ಇಲ್ಲಿ ಯಾರೂ ಇಷ್ಟು ಗಲಾಟೆ ಮಾಡುವುದಿಲ್ಲ. ಮೈಕ್ ಹಾಕಿ, ಬ್ಯಾನರ್ ಕಟ್ಟಿ, ಹಾಲು ಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಅಂತ ವಯಸ್ಸಿನ ವಿಭಾಗ ಮಾಡಿ ನಡೆಸುತ್ತಾರೆ. ಬೈಕ್ ಬಹುಮಾನ ಇಡುತ್ತಾರೆ. ದೊಡ್ಡವರು ಬಂದು ಉದ್ಘಾಟನೆ ಮಾಡುತ್ತಾರೆ. ನಮ್ಮ ಮಾವ ಟಗರಿಗೆ ಬೆಳಿಗ್ಗೆ ಮೊಟ್ಟೆ, ಹುರುಳಿ ನುಚ್ಚು, ಸಂಜೆ ಎರಡು ಮೈಲಿ ನಡಿಗೆ ಮಾಡಿಸುತ್ತಾರೆ. ಮನೆ ಮಕ್ಕಳಿಗೆ ಅಷ್ಟು ಮಾಡಿಲ್ಲ. ವಕೀಲರು ಹೇಳಿದ ಕಲಂ ಟಗರಿಗೂ ಬರುತ್ತದಾ?

ಕರಿಕೋಟು
ಬರುತ್ತದೆ. ಕಾಯ್ದೆಯಲ್ಲಿ ಇರುವುದು ‘ಯಾವುದೇ ಪ್ರಾಣಿ’ ಅಂತ. ಕೋಳಿ, ಟಗರು, ಕೋಣ, ನಾಯಿ ಎಲ್ಲವೂ ಅದರೊಳಗೆ.

ಬೆಣ್ಣೆದೋಸೆ
ಅಂದರೆ ನಿಮ್ಮಲ್ಲಿ ಓಡಿಸುತ್ತಾರೆ, ನಮ್ಮಲ್ಲಿ ಹಾರ ಹಾಕುತ್ತಾರೆ. ಜಿಲ್ಲೆಗೊಂದು ಕಾನೂನು ಈಗಾಗಲೇ ಇದೆ ಬಿಡಿ. ಬರೆದಿಲ್ಲ ಅಷ್ಟೇ.

ಅಡಿಕೆ ತೋಟದವ
ಅದನ್ನೇ ನಾನು ಹೇಳುತ್ತಿರುವುದು! ಬರೆಯದ ಕಾನೂನು ಯಾರ ಕೈಯಲ್ಲಿ ಇರುತ್ತದೆ? ಆ ವರ್ಷ ಠಾಣೆಗೆ ಬಂದವರ ಕೈಯಲ್ಲಿ. ಒಬ್ಬರು ‘ನೇಮದ ಮೂರು ಅಂಕ ಮಾಡಿ ಮುಗಿಸಿ’ ಅಂತಾರೆ, ಮರುವರ್ಷ ಬಂದವರು ಬೆತ್ತ ಹಿಡಿದು ಬರುತ್ತಾರೆ. ಬರೆದು ಇಡೋಣ ಅಂದರೆ ತಪ್ಪಾ?

ತುಲ್ಸಾ ಕನ್ನಡಿಗ
ಶಿವಮೊಗ್ಗದವನು, ಹದಿನಾಲ್ಕು ವರ್ಷದಿಂದ ಅಮೆರಿಕದ ಒಕ್ಲಹೋಮದಲ್ಲಿ ಇದ್ದೇನೆ. ನೀವು ಕೇಳುತ್ತಿರುವುದನ್ನೇ ಇಲ್ಲಿ ಕೇಳಿದ್ದರು. ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಕೋಳಿ ಅಂಕ 2002ರ ತನಕ ನಡೆಯುತ್ತಿತ್ತು. ಆ ವರ್ಷ ನವೆಂಬರಿನಲ್ಲಿ ಇಡೀ ರಾಜ್ಯದ ಜನರ ಮತ ಕೇಳಿದರು. ಸುಮಾರು ನೂರಕ್ಕೆ 56 ಜನ ನಿಷೇಧಿಸಿ ಅಂದರು. ಶಿಕ್ಷೆ ನಿಮ್ಮ 50 ರೂಪಾಯಿಯ ಹಾಗಲ್ಲ. 10 ವರ್ಷದ ತನಕ ಜೈಲು, 25,000 ಡಾಲರ್ ತನಕ ದಂಡ. ಆದರೆ ಇಲ್ಲಿಯ 77 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯ ಹಾಗೆ) ಜಾಸ್ತಿ ಕೌಂಟಿಗಳು ನಿಷೇಧ ಬೇಡ ಅಂತ ಮತ ಹಾಕಿದ್ದವು. ಗೆದ್ದದ್ದು ದೊಡ್ಡ ಊರುಗಳ ಮತದಿಂದ. ‘ಪಟ್ಟಣದವರು ನಮ್ಮ ಮೇಲೆ ಹೇರಿದರು’ ಅನ್ನುವ ಸಿಟ್ಟು ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಕೋರ್ಟಿಗೂ ಹೋದರು, 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು.

2023ರಲ್ಲಿ ಒಂದು ಮಸೂದೆ ಬಂತು. ಬೇಕಾದ ಕೌಂಟಿ ತನ್ನ ಜನರ ಮತ ಕೇಳಿ ಶಿಕ್ಷೆಯನ್ನು ಸಣ್ಣ ಅಪರಾಧದ ಮಟ್ಟಕ್ಕೆ ಇಳಿಸಿಕೊಳ್ಳಬಹುದು ಅಂತ. ಕೆಳಮನೆಯಲ್ಲಿ ಪಾಸ್ ಆಯಿತು, ಸೆನೆಟ್‌ನಲ್ಲಿ ನಿಂತುಹೋಯಿತು.

ನಿಮ್ಮ ವಾದವೇ ಇಲ್ಲಿಯ ರೈತರದ್ದೂ. ಮೂರು ಮಕ್ಕಳ ತಂದೆಯನ್ನು ಕೋಳಿಗಾಗಿ ಹತ್ತು ವರ್ಷ ಒಳಗೆ ಹಾಕುವುದು ನ್ಯಾಯವಾ ಅಂತ ಕೇಳುತ್ತಿದ್ದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ನೀವು ಕೇಳುವಾಗ ಅದೇ ಪ್ರಶ್ನೆ ಅಲ್ಲ. ನಿಮ್ಮಲ್ಲಿ ಹತ್ತು ವರ್ಷ ಇಲ್ಲವಲ್ಲ.

ಕರಿಕೋಟು
ತುಲ್ಸಾದವರೇ, ಕೌಂಟಿ ಇಳಿಸಿದರೂ ಮೇಲೆ ಕೇಂದ್ರದ ಕಾನೂನು ಇರುತ್ತಿತ್ತಲ್ಲ?

ತುಲ್ಸಾ ಕನ್ನಡಿಗ
ಹೌದು, ಅದೇ ದೊಡ್ಡ ತೊಡಕು. ಫೆಡರಲ್ ಕಾನೂನಿನಲ್ಲಿ 2007ರಿಂದ ಪ್ರಾಣಿ ಕಾಳಗ ದೊಡ್ಡ ಅಪರಾಧ. 2014ರಲ್ಲಿ ನೋಡಲು ಹೋಗುವುದನ್ನೂ ಸೇರಿಸಿದರು. ಕೌಂಟಿ ಏನೇ ಬರೆದರೂ ಅದು ತಪ್ಪುವುದಿಲ್ಲ. ಪೋರ್ಟೊ ರಿಕೊ ದ್ವೀಪದ ಕಥೆ ಇನ್ನೂ ಖಾರ. ಅಲ್ಲಿ ಅಂಕಕ್ಕೆ ಲೈಸೆನ್ಸು, ಕಟ್ಟಡ, ಉದ್ಯೋಗ ಎಲ್ಲ ಇತ್ತು. 2019ರ ಡಿಸೆಂಬರಿನಲ್ಲಿ ಫೆಡರಲ್ ನಿಷೇಧ ಅಲ್ಲಿಗೂ ಬಂತು. ನಾವು ಮುಂದುವರಿಸುತ್ತೇವೆ ಅಂತ ದ್ವೀಪದವರು ತಮ್ಮದೇ ಕಾನೂನು ಮಾಡಿದರು. ಕೋರ್ಟಿನಲ್ಲಿ ನಿಷೇಧವೇ ಗೆದ್ದಿತು.

ರೊಟ್ಟಿಪ್ರಿಯ
ವಿಷಯಾಂತರಕ್ಕೆ ಕ್ಷಮಿಸಿ. ಅಂಕದ ಕೋಳಿಯ ಸಾರಿಗೂ ಸಾಮಾನ್ಯ ಊರ ಕೋಳಿಯ ಸಾರಿಗೂ ನಿಜವಾಗಿ ರುಚಿ ವ್ಯತ್ಯಾಸ ಇದೆಯಾ? ನಮ್ಮ ಮನೆಯಲ್ಲಿ ಇದೆ ಅಂತಾರೆ, ನನಗೆ ಗೊತ್ತಾಗುವುದಿಲ್ಲ.

ಹಾಲಾಡಿ ಹೊಳೆ
ಇದೆ. ಮಾಂಸ ಗಟ್ಟಿ, ಬೇಯಲು ಎರಡು ಪಟ್ಟು ಹೊತ್ತು. ಮಸಾಲೆ ಜಾಸ್ತಿ ಅರೆಯಬೇಕು. ಸೋತ ಕೋಳಿ ಗೆದ್ದವನ ಮನೆಗೆ ಹೋಗುವುದು ಪದ್ಧತಿ. ನೇಮದ ಮರುದಿನ ಊರೆಲ್ಲ ಕೋರಿ ರೊಟ್ಟಿಯ ಪರಿಮಳ.

ರೊಟ್ಟಿಪ್ರಿಯ
ರೊಟ್ಟಿ ಸಾರಿನಲ್ಲಿ ನೆನೆಯಬೇಕಾ, ಗರಿಗರಿ ಇರುವಾಗಲೇ ತಿನ್ನಬೇಕಾ?

ಗಡಿನಾಡ ಕನ್ನಡಿಗ
ನೆನೆಯಬೇಕು. ಇದರಲ್ಲಿ ಎರಡು ಮಾತಿಲ್ಲ. ಈಗ ವಿಷಯಕ್ಕೆ ಬನ್ನಿ.

ಕಡಲಮಗ
ಮಂಗಳೂರಿನವನು, ಹಡಗಿನಲ್ಲಿ ಕೆಲಸ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಅರ್ಧ ಜನ ಫಿಲಿಪ್ಪೀನ್ಸಿನವರು. ಅವರಿಗೆ ಸಾಬೊಂಗ್, ಅಲ್ಲಿಯ ಕೋಳಿ ಅಂಕ, ಅಂದರೆ ಜೀವ. ಅಲ್ಲಿ ತೋಟದವರು ಕೇಳುವಂಥದ್ದೇ ವ್ಯವಸ್ಥೆ ಇದೆ. 1974ರ ಕಾನೂನಿನಲ್ಲಿ ಅಂಕ ಭಾನುವಾರ, ಸರಕಾರಿ ರಜೆ, ಊರ ಹಬ್ಬದ ದಿನಗಳಲ್ಲಿ ಮಾತ್ರ. ಒಂದು ಊರಿಗೆ ಒಂದೇ ಕಣ, ಲಕ್ಷಕ್ಕಿಂತ ಜಾಸ್ತಿ ಜನ ಇದ್ದರೆ ಎರಡು. ಲೈಸೆನ್ಸು ಕೊಡುವುದು ಊರ ಕೌನ್ಸಿಲ್. ಓದಲು ಎಷ್ಟು ಚಂದ ಅಲ್ವಾ?

ಆಮೇಲೆ ಮೊಬೈಲ್ ಬಂತು. ಕಣದಲ್ಲಿ ಕ್ಯಾಮೆರಾ ಇಟ್ಟರು, ದೇಶವೆಲ್ಲ ಫೋನಿನಲ್ಲಿ ಬಾಜಿ ಕಟ್ಟಿತು. ಕೊರೋನಾ ಸಮಯದಲ್ಲಿ ನಮ್ಮ ಹಡಗಿನ ಒಬ್ಬ ಅಡುಗೆಯವ ಊರಿಗೆ ಹೋಗಿ ಎಂಟು ತಿಂಗಳ ಸಂಬಳವನ್ನು ಎರಡು ವಾರದಲ್ಲಿ ಕಳೆದ. ವಾಪಸ್ ಬಂದಾಗ ಹೆಂಡತಿಯ ಫೋನ್ ಎತ್ತುತ್ತಿರಲಿಲ್ಲ. ರಾತ್ರಿ ಪಾಳಿಯಲ್ಲಿ ನನ್ನ ಪಕ್ಕ ಬಂದು ಸುಮ್ನೆ ಕೂರುತ್ತಿದ್ದ. ಅಂಕಕ್ಕೆ ಸಂಬಂಧಪಟ್ಟ ಹತ್ತಾರು ಜನ ಕಾಣೆಯಾದ ಸುದ್ದಿಯೂ ಬಂತು. ಕೊನೆಗೆ 2022ರ ಮೇ ತಿಂಗಳಲ್ಲಿ ಸರಕಾರವೇ ಆನ್‌ಲೈನ್ ಅಂಕ ನಿಲ್ಲಿಸಿತು. ಊರ ಕೌನ್ಸಿಲ್ ಕೈಯಲ್ಲಿ ಇದ್ದದ್ದು ಕಣದ ಲೈಸೆನ್ಸು ಮಾತ್ರ. ದುಡ್ಡು ಅವರ ಕೈ ಮೀರಿ ಹೋಗಿತ್ತು.

ಹಾಲಾಡಿ ಹೊಳೆ
ಕಂಬಳಕ್ಕೆ ಸಿಕ್ಕಿದ್ದು ಕೋಳಿಗೆ ಯಾಕೆ ಸಿಗಬಾರದು? ಇದಕ್ಕೆ ಯಾರಾದರೂ ನೇರ ಉತ್ತರ ಕೊಡಿ.

ಕರಿಕೋಟು
ಕೊಡುತ್ತೇನೆ. ಮನವಿ ಬರೆಯುವವರಿಗೆ ಬೇಕಾದ ವಿಷಯವೂ ಇದೇ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಕೇಸಿನಲ್ಲಿ ತೀರ್ಪು ಕೊಟ್ಟಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ತಮಿಳುನಾಡಿನಲ್ಲಿ ದೊಡ್ಡ ಹೋರಾಟ ಆಯಿತು, ನಮ್ಮ ರಾಜ್ಯವೂ ತಿದ್ದುಪಡಿಗೆ ಹೊರಟಿತು. ಪ್ರಾಣಿ ಹಿಂಸೆ ತಡೆ ಅನ್ನುವುದು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಎರಡಕ್ಕೂ ತಿಕ್ಕಾಟ ಬಂದರೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ರಾಜ್ಯದ ಕಾನೂನು ಆ ರಾಜ್ಯದಲ್ಲಿ ನಿಲ್ಲುತ್ತದೆ. 2018ರಲ್ಲಿ ನಮಗೆ ಆ ಒಪ್ಪಿಗೆ ಸಿಕ್ಕಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಗಮನಿಸಿ. ಅಲ್ಲಿ ಶಿಕ್ಷೆ ಇಳಿಸಿಲ್ಲ. ಕಂಬಳ, ಎತ್ತಿನ ಗಾಡಿ ಓಟ ಇವುಗಳನ್ನು ಅಪರಾಧದ ಪಟ್ಟಿಯಿಂದಲೇ ಹೊರಗೆ ತಂದರು, ಷರತ್ತು ಹಾಕಿ. ಮಾಡಿದ್ದು ವಿಧಾನಸಭೆ, ಜಿಲ್ಲೆ ಅಲ್ಲ. ಕಂಬಳದಲ್ಲಿ ಕೋಣ ಓಡುತ್ತದೆ, ಅಂಕದಲ್ಲಿ ಒಂದು ಕೋಳಿ ಇನ್ನೊಂದನ್ನು ಕೊಲ್ಲುತ್ತದೆ. 2014ರ ತೀರ್ಪಿನಲ್ಲಿ ಪ್ರಾಣಿಯನ್ನು ಇನ್ನೊಂದು ಪ್ರಾಣಿಯ ಮೇಲೆ ಕಾದಾಟಕ್ಕೆ ಬಿಡದ ಹಾಗೆ ನೋಡಿಕೊಳ್ಳಿ ಅಂತ ಸರಕಾರಗಳಿಗೆ ಹೇಳಿದ್ದಾರೆ. ದಂಡ ಜಾಸ್ತಿ ಮಾಡಿ ಅಂತ ಸಂಸತ್ತಿಗೂ ಹೇಳಿದ್ದಾರೆ. ನೀವು ಈಜಬೇಕಾದದ್ದು ಈ ನೀರಿನ ಎದುರು.

ಪಂಚಾಯತಿಯ ಮಾತು ಕೇಳುವವರಿಗೆ: 73ನೇ ತಿದ್ದುಪಡಿಯ ಜೊತೆ ಬಂದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಕೋಳಿ ಸಾಕಣೆ ಇದೆ. ಅಪರಾಧಕ್ಕೆ ಶಿಕ್ಷೆ ತೀರ್ಮಾನಿಸುವುದು ಇಲ್ಲ.

ಬೆಣ್ಣೆದೋಸೆ
ಹೊರಗೆ ಎಲ್ಲೂ ಊರಿನ ಪದ್ಧತಿ ನೋಡಿ ವಿನಾಯಿತಿ ಕೊಟ್ಟಿಲ್ಲವಾ?

ಕರಿಕೋಟು
ಫ್ರಾನ್ಸಿನಲ್ಲಿ ಕೊಟ್ಟಿದ್ದಾರೆ. ಅಲ್ಲಿಯ ದಂಡ ಸಂಹಿತೆಯಲ್ಲೇ ಬರೆದಿದೆ. ಕಡಿಯದ ಸ್ಥಳೀಯ ಸಂಪ್ರದಾಯ ಅಂತ ತೋರಿಸಿದ ಕಡೆ ಕೋಳಿ ಅಂಕಕ್ಕೆ ಶಿಕ್ಷೆ ಇಲ್ಲ. ಉತ್ತರದ ಕೆಲವು ಊರುಗಳಲ್ಲಿ ನಡೆಯುತ್ತದೆ. ಆದರೆ ಹೊಸ ಕಣ ಕಟ್ಟುವ ಹಾಗಿಲ್ಲ. ಹೊಸ ಕಣವನ್ನು ಮಾತ್ರ ಬೇಡ ಅನ್ನುವುದು ಅನ್ಯಾಯ ಅಂತ ಕೇಳಿದಾಗ 2015ರಲ್ಲಿ ಅಲ್ಲಿಯ ಸಂವಿಧಾನ ಮಂಡಳಿ ನಿಷೇಧ ಸರಿ ಅಂದಿತು. ಇದ್ದದ್ದು ಇರಲಿ, ಬೆಳೆಯುವುದು ಬೇಡ ಅನ್ನುವ ದಾರಿ.

ನಮ್ಮಲ್ಲಿ ಅಸ್ಸಾಂ ಬೇರೆ ದಾರಿ ನೋಡಿತು. ಮಾಘ ಬಿಹುವಿನ ಎಮ್ಮೆ ಕಾಳಗ, ಬುಲ್‌ಬುಲ್ ಹಕ್ಕಿ ಕಾಳಗಕ್ಕೆ 2023ರ ಡಿಸೆಂಬರಿನಲ್ಲಿ ಸರಕಾರ ನಿಯಮಾವಳಿ ಹೊರಡಿಸಿತು. ಮರುವರ್ಷ ಡಿಸೆಂಬರಿನಲ್ಲಿ ಗುವಾಹಟಿ ಹೈಕೋರ್ಟ್ ರದ್ದು ಮಾಡಿತು. ಕಾನೂನು ತಿದ್ದದೆ ಬರೀ ಆದೇಶದಲ್ಲಿ ದಾರಿ ಮಾಡಲು ಹೋದರೆ ಹೀಗೆ ಆಗುತ್ತದೆ. ಗೋವಾದ ಗೂಳಿ ಕಾಳಗ ಧೀರಿಯೊ ಕೂಡ 1996ರಿಂದ ಹೈಕೋರ್ಟಿನ ತಡೆಯಲ್ಲೇ ಇದೆ. ಅಲ್ಲಿಯ ರಾಜಕಾರಣಿಗಳು ಕಾನೂನುಬದ್ಧ ಮಾಡುತ್ತೇವೆ ಅಂತ ಹೇಳುತ್ತಲೇ ಇದ್ದಾರೆ.

ಸುಮ್ನೆ ಓದುಗ
ಮನುಷ್ಯರೂ ಸಾಯುತ್ತಾರೆ ಅನ್ನುವುದನ್ನು ಯಾರೂ ಹೇಳಲಿಲ್ಲ. 2021ರ ಫೆಬ್ರುವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ ಒಬ್ಬ ತನ್ನದೇ ಕೋಳಿಯ ಕಾಲಿನ ಚೂರಿ ತೊಡೆಸಂದಿಗೆ ತಾಗಿ ರಕ್ತ ಹೋಗಿ ಸತ್ತ. ಕೋಳಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟುಕೊಂಡಿದ್ದರು.

ಹಾಲಾಡಿ ಹೊಳೆ
ಬಾಳು ಕಟ್ಟುವವರ ಕೈ ನೋಡಿದ್ದೀರಾ? ನಮ್ಮ ಅಜ್ಜನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಬಿಳಿ ಗೆರೆಗಳು ಇದ್ದವು, ಲೆಕ್ಕ ಹಾಕಿದರೆ ಆರೇಳು. ಕೋಳಿಯನ್ನು ಕಂಕುಳಲ್ಲಿ ಒತ್ತಿ, ಕಾಲನ್ನು ಮುಂದಕ್ಕೆ ಎಳೆದು, ಹಿಂದಿನ ಉಗುರಿನ ಮೇಲೆ ಬಾಳು ಇಟ್ಟು ನೂಲು ಸುತ್ತುತ್ತಿದ್ದರು. ನೂಲಿನ ತುದಿ ಹಲ್ಲಿನಲ್ಲಿ. ಸಡಿಲ ಆದರೆ ಬಾಳು ತಿರುಗುತ್ತದೆ, ಬಿಗಿ ಆದರೆ ಕೋಳಿ ಕುಂಟುತ್ತದೆ. ಆ ಲೆಕ್ಕ ಅವರಿಗೆ ಬೆರಳಿನಲ್ಲೇ ಗೊತ್ತಿತ್ತು. ಕುಕ್ಕುಟ ಪಂಚಾಂಗ ನೋಡಿ ಇವತ್ತು ಯಾವ ಬಣ್ಣಕ್ಕೆ ಗೆಲುವು, ಯಾವ ದಿಕ್ಕಿನಿಂದ ಬಿಡಬೇಕು ಅಂತ ಹೇಳುತ್ತಿದ್ದರು. ಇದೆಲ್ಲ ಒಂದು ವಿದ್ಯೆ. ಅದು ಹೋಗುತ್ತಿದೆ ಅನ್ನುವ ಬೇಜಾರು ನನಗೆ ಇದೆ. ಡಾಕ್ಟ್ರು ಹೇಳಿದ ಆ ಗುಳ್ಳೆಯ ಮಾತು ಓದಿ ನಿನ್ನೆ ರಾತ್ರಿ ನಿದ್ದೆಯೂ ಬರಲಿಲ್ಲ. ಎರಡೂ ನಿಜ.

ದನದ ಡಾಕ್ಟ್ರು
ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು. ಪಂಚಾಂಗ, ಬಣ್ಣಗಳ ಹೆಸರು, ಸಾಕುವ ಕ್ರಮ, ಇದನ್ನೆಲ್ಲ ದಯವಿಟ್ಟು ಬರೆದಿಡಿ. ಬೊಳ್ಳೆ, ಕಾವೆ, ಮಂಜಲೆ ಅಂತ ಬಣ್ಣ ನೋಡಿ ಹೆಸರು ಹೇಳುವ ಹುಡುಗರು ನನ್ನ ಊರಿನಲ್ಲಿ ಈಗ ಇಬ್ಬರೇ. ಊರ ತಳಿ ಉಳಿಯಬೇಕು ಅನ್ನುವುದರಲ್ಲಿ ನಾನು ನಿಮ್ಮ ಜೊತೆ ಇದ್ದೇನೆ. ಬಾಳಿನಲ್ಲಿ ಮಾತ್ರ ಇಲ್ಲ.

ಗಡಿನಾಡ ಕನ್ನಡಿಗ
ಜಪ್ತಿ ಮಾಡಿದ ಕೋಳಿಗಳ ಕಥೆ ಗೊತ್ತಾ? ಕೋರ್ಟಿನ ಅನುಮತಿ ಪಡೆದು ಹರಾಜು ಹಾಕುತ್ತಾರೆ. ನಾನು ಒಂದು ಹರಾಜಿಗೆ ಹೋಗಿದ್ದೆ. ಕೂಗಿದವರೆಲ್ಲ ಅಂಕದವರೇ. ಮಾರುಕಟ್ಟೆಯಲ್ಲಿ ಎಂಟುನೂರಕ್ಕೆ ಸಿಗುವ ಕೋಳಿ ನಾಲ್ಕು ಸಾವಿರಕ್ಕೆ ಹೋಯಿತು. ಮುಂದಿನ ಭಾನುವಾರ ಅದೇ ಕೋಳಿಯನ್ನು ಇನ್ನೊಂದು ಕಣದಲ್ಲಿ ನೋಡಿದೆ, ಕಿರೀಟದ ಮೇಲಿನ ಕಚ್ಚು ನೋಡಿ ಗುರುತು ಹಿಡಿದೆ. ಕೋಳಿಯನ್ನು ಉಳಿಸಲು ಅಂತ ಹಿಡಿದು ವಾಪಸ್ ಅಂಕಕ್ಕೇ ಮಾರುವ ವ್ಯವಸ್ಥೆ ಇದು. ಮನವಿಯಲ್ಲಿ ಮೊದಲು ಇದನ್ನು ಬರೆಯಿರಿ.

ಅಡಿಕೆ ತೋಟದವ
ಎಲ್ಲ ಓದಿದೆ, ಎರಡೆರಡು ಸಲ.

ಶಿಕ್ಷೆ ಇಳಿಸಿ ಅನ್ನುವ ಮಾತು ಮನವಿಯಿಂದ ತೆಗೆಯುತ್ತೇನೆ. 50 ರೂಪಾಯಿಯನ್ನು ಇಳಿಸಿ ಅಂತ ಕೇಳಲು ನನಗೇ ನಾಚಿಕೆ ಆಗುತ್ತದೆ. ಜಿಲ್ಲೆ ಅನ್ನುವ ಮಾತನ್ನು ಮಾತ್ರ ಬಿಡುವುದಿಲ್ಲ. ನಮ್ಮಲ್ಲಿ ದೈವದ ಹೆಸರಲ್ಲಿ ಮೂರು ಜೋಡಿ ಬಿಡುವುದು ಕ್ರಮ. ಈಗ ಅದರ ಬೆನ್ನಿಗೆ ನೂರು ಜೋಡಿ, ಮೂರು ದಿನ, ಹೊರಗಿನಿಂದ ಬರುವ ಕಾರುಗಳು. ಮೊದಲನೆಯದನ್ನೂ ಎರಡನೆಯದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಕೇಳುತ್ತೇನೆ. ಜೂಜಿನ ಕಣ ನಡೆಸುವವನಿಗೆ ಶಿಕ್ಷೆ ಜಾಸ್ತಿ ಮಾಡಲಿ, ನಾನೇ ಸಹಿ ಹಾಕುತ್ತೇನೆ.

ಸುಮ್ನೆ ಓದುಗ
ಮೂರು ಜೋಡಿ ಅಂದರೂ ಮೂರು ಕೋಳಿ ಸಾಯುತ್ತದೆ. ನಾನು ಒಪ್ಪುವುದಿಲ್ಲ.

ಕರಿಕೋಟು
ಸದ್ಯದ ಕಾನೂನಿನಲ್ಲಿ ಆ ಮೂರು ಜೋಡಿಗೂ ವಿನಾಯಿತಿ ಇಲ್ಲ ಅನ್ನುವುದು ನೆನಪಿರಲಿ. 28ನೇ ಕಲಂ ಧರ್ಮದ ಕ್ರಮದಂತೆ ಪ್ರಾಣಿಯನ್ನು ಕೊಲ್ಲುವುದರ ಬಗ್ಗೆ ಹೇಳುತ್ತದೆ, ಕಾದಾಡಿಸುವುದರ ಬಗ್ಗೆ ಅಲ್ಲ. ಅದರ ಮೇಲೆ ದೇವಸ್ಥಾನದ ಆವರಣದಲ್ಲಿ ಬಲಿ ಕೊಡಬಾರದು ಅಂತ ನಮ್ಮ ರಾಜ್ಯದ 1959ರ ಕಾಯ್ದೆ ಇದೆ. ಮನವಿ ಕೊಡಿ, ಅದು ನಿಮ್ಮ ಹಕ್ಕು. ಕಾನೂನು ಬದಲಾಗುವ ಮೊದಲು ಕಣ ಹಾಕಬೇಡಿ. ನಡೆಸುವವರ ಹೆಸರೇ ಮೊದಲು ಬರೆಯುವುದು, ಅಂದರೆ ಕಮಿಟಿಯ ಹೆಸರು.

ಅಡಿಕೆ ತೋಟದವ
ಈ ವರ್ಷ ಕಣ ಹಾಕುವುದಿಲ್ಲ ಅಂತ ನಾನು ಕಮಿಟಿಯಲ್ಲಿ ಹೇಳುತ್ತೇನೆ. ಒಪ್ಪುತ್ತಾರಾ ಗೊತ್ತಿಲ್ಲ. ಕೋಳಿಯನ್ನು ತಂದು ದೈವದ ಎದುರು ತೋರಿಸಿ, ಪ್ರಸಾದ ಹಾಕಿ, ಮನೆಗೆ ವಾಪಸ್ ಒಯ್ಯುವುದು ಆಗುತ್ತದಾ ಅಂತ ದೈವ ಮೈಮೇಲೆ ಬರುವ ಪಾತ್ರಿಗಳನ್ನೇ ಕೇಳಬೇಕು. ಚಿಕ್ಕಪ್ಪನಿಗೆ ಸಿಟ್ಟು ಬರುತ್ತದೆ.

ಹಾಲಾಡಿ ಹೊಳೆ
ಚಿಕ್ಕಪ್ಪನಿಗೆ ಬೇಕಾದರೆ ನಾನು ಫೋನ್ ಮಾಡುತ್ತೇನೆ. ಕೋಳಿಯವರ ಮಾತು ಕೋಳಿಯವರಿಗೇ ಅರ್ಥ ಆಗುವುದು.

ದನದ ಡಾಕ್ಟ್ರು
ತೋಟದವರೇ, ತೋರಿಸುವ ದಿನ ಗೊತ್ತಾದರೆ ತಿಳಿಸಿ. ಕೊಕ್ಕರೆ ರೋಗದ ಲಸಿಕೆ ತರುತ್ತೇನೆ. ಅಷ್ಟು ಊರ ಕೋಳಿ ಒಂದೇ ಕಡೆ ಸಿಗುವುದು ಅಪರೂಪ. ಬಂದದ್ದಕ್ಕೆಲ್ಲ ಹಾಕಿ ಕಳಿಸುತ್ತೇನೆ.

ಅಡಿಕೆ ತೋಟದವ
ಕಮಿಟಿ ಸಭೆ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಏನಾಯಿತು ಅಂತ ಸಂಜೆ ಇಲ್ಲೇ ಬರೆಯುತ್ತೇನೆ.

ರೊಟ್ಟಿಪ್ರಿಯ
ಕಾಯುತ್ತಿರುತ್ತೇವೆ. ಚಿಕ್ಕಪ್ಪ ಏನಂದರು ಅನ್ನುವುದನ್ನೂ ಬರೆಯಿರಿ.